ಮೂರನೇ ವರ್ಷಕ್ಕೆ ಅಮ್ಮ

ಯಾಕಿಮಾ, ಜೂನ್

ಮಗಳೇ ಯೆಸೆನಿಯಾ,

ರೋಹೆಲಿಯೊ ಮಾವನ ಕೈಯಲ್ಲಿ ನಿನಗಿಷ್ಟದ ಜೋಳದ ಕಡುಬು, ತಮಾಲೆ ಕಳಿಸಿದ್ದೇನೆ. ರೂಮಿನ ಹುಡುಗಿಗೂ ಕೊಡು.

ನಿನ್ನ ಯೂನಿವರ್ಸಿಟಿಯವರು ನನ್ನನ್ನು ಸೇರಿಸಿಕೊಂಡರು ಕಣೇ! ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದನ್ನೆಲ್ಲ ಒಪ್ಪಿಕೊಂಡಿದ್ದಾರೆ, ಒಂದು ವಿಷಯವನ್ನೂ ಮತ್ತೆ ಓದಬೇಕಾಗಿಲ್ಲ. ಫೋನ್ ಬಂದಾಗ ಪ್ಯಾಕಿಂಗ್ ಶೆಡ್ಡಿನಲ್ಲಿ ಕೊಳೆತ ಸೇಬು ಆರಿಸಿ ತೆಗೆಯುತ್ತಿದ್ದೆ. ಬೆಲ್ಟಿನ ಮೇಲೆ ಹಣ್ಣೆಲ್ಲ ಹಾಗೇ ಸಾಗಿಹೋಯಿತು. ಮೇಸ್ತ್ರಿ ಕೂಗಾಡಿದ. "ಇವತ್ತೊಂದಿನ ಕೊಳೆತದ್ದೂ ಹೋಗ್ಲಿ ಬಿಡಪ್ಪಾ" ಅಂದುಬಿಟ್ಟೆ.

"ಅಮ್ಮಾ, ನಿಂಗೆ ಬೇರೆ ಯೂನಿವರ್ಸಿಟಿನೇ ಸಿಗ್ಲಿಲ್ವಾ? ಫ್ರೆಂಡ್ಸ್ ಮುಂದೆ ನನ್ನ ಮಾನ ಹೋಗುತ್ತೆ" ಅಂದಿದ್ದೆಯಲ್ಲ, ಹೆದರಬೇಡ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಹಾಸ್ಟೆಲ್ ಕಡೆ ತಲೆ ಹಾಕುವುದಿಲ್ಲ. ಬಟ್ಟೆ ಒಗೆದೆಯಾ ಅಂತ ಎಲ್ಲರೆದುರು ಕೇಳುವುದಿಲ್ಲ. ಬಸ್ ಸ್ಟಾಪಿನಿಂದ ಲೈಬ್ರರಿಗೆ ದಾರಿ ಹೇಗೆ ಅಂತ ಮಾತ್ರ ಬರೆದು ಕಳಿಸು. ಮೊದಲ ದಿನ ಯಾರನ್ನೂ ಕೇಳದೆ ನಡೆಯಬೇಕು ಅಂತ ಆಸೆ.

ಎದುರು ಸಿಕ್ಕಾಗ ಅಮ್ಮ ಅನ್ನದಿದ್ದರೂ ಪರವಾಗಿಲ್ಲ. ಆದರೆ ನೀನಿನ್ನೂ ಎರಡನೇ ವರ್ಷಕ್ಕೆ ಹೋಗುತ್ತೀ, ನಾನು ನೇರ ಮೂರನೇ ವರ್ಷಕ್ಕೆ ಬರುತ್ತಿದ್ದೇನೆ. ಸೀನಿಯರ್ ಅಂತಲಾದರೂ ಮಾತಾಡಿಸು.

ನಿನ್ನ ಅಮ್ಮ,
ಎಲ್ವಿರಾ