ಪೇಟೆಯಲ್ಲಿ ಡಬ್ಬಿ ಹಿಡಿದದ್ದು

ವಂಡೂರು
ಮೇ 9, 2004

ಪ್ರೀತಿಯ ಅಣ್ಣ ಇಕ್ಕಾಕ್ಕನಿಗೆ ಸಲಾಂ.

ನಿಮ್ಮ ಮೊಣಕಾಲು ನೋವು ಹೇಗಿದೆ? ಸೌದಿಯ ಆ ದಮ್ಮಾಮಿನ ಬಿಸಿಲಿನಲ್ಲಿ ಅಲೆಯಬೇಡಿ, ನೀವು ಹೇಳಿದರೆ ಕೇಳುವವರಲ್ಲ. ಇಲ್ಲಿ ಎಲ್ಲರೂ ಸೌಖ್ಯ. ನನಗೊಬ್ಬಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನೂ ಬರೆದು ಬರೆದು ಹರಿದಿದ್ದೇನೆ.

ಪಕ್ಕದ ಮನೆಯ ಕಲ್ಯಾಣಿಯಕ್ಕನಿಗೆ ಕ್ಯಾನ್ಸರ್ ಎಂದು ತಿಳಿಸಿದ್ದೆನಲ್ಲ. ಅಂಥವರ ಮನೆಗೇ ನೋವಿನ ಮದ್ದು ತಲುಪಿಸುವ ಊರಿನ ಸಂಘಕ್ಕೆ ನಾನೂ ಸೇರಿಕೊಂಡೆ. ಮೈ ಒರೆಸುವುದು, ಹುಣ್ಣು ತೊಳೆಯುವುದು, ಯಾವುದಕ್ಕೂ ಹೇಸಲಿಲ್ಲ. ಆದರೆ ಮದ್ದಿಗೆ ದುಡ್ಡಿಲ್ಲ, ಪೇಟೆಯಲ್ಲಿ ಡಬ್ಬಿ ಹಿಡಿಯಬೇಕು ಎಂದು ಸಂಘದವರು ಹೇಳಿದಾಗ, ಅದಕ್ಕೆ ಮಾತ್ರ ಹೇಸಿದೆ. "ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ" ಎಂದೇ ಅಲ್ಲವೇ ಬಾಪ್ಪ ನಮ್ಮನ್ನು ಬೆಳೆಸಿದ್ದು? ಮೊದಲ ಅಂಗಡಿಯಲ್ಲಿ ಕೇಳಲು ಬಾಯಿ ಬಾರದೆ, ಬೇಡದ ಸಕ್ಕರೆ ಕೊಂಡು ಹೊರಬಿದ್ದೆ. ಮುಂದಿನದರಲ್ಲಿ ಬೆಂಕಿಪೊಟ್ಟಣ. ಡಬ್ಬಿ ಸೆರಗಿನಡಿಯೇ ಉಳಿಯಿತು.

ಮೀನು ಮಾರುವ ಬೀರಾನ್ ಅದನ್ನು ಕಂಡುಬಿಟ್ಟ. "ಏನ್ ಸುಹರಾತ್ತಾ, ಡಬ್ಬಿಗೂ ಪರದೆ ಹಾಕ್ಸಿದೀರಾ?" ಎಂದು ಕೂಗಿದ. ಮಾರ್ಕೆಟ್ಟೆಲ್ಲ ನಕ್ಕಿತು. ಡಬ್ಬಿ ಹೊರತೆಗೆದು, ಏನೋ ಸ್ವಲ್ಪ ಸಹಾಯ ಎಂದು ತೊದಲಿದೆ. "ಯಾರಿಗೇಂತ ಹೇಳ್ಬೇಕಲ್ಲ? ನಿಮಗಾ?" ಎಂದ. ನೆತ್ತಿಗೇರಿತು ನನಗೆ. "ನನಗಲ್ಲ ಮಾರಾಯ! ಮಲಗೋಕಾಗದೆ ದಿಂಬು ಕಚ್ಕೊಂಡು ಒದ್ದಾಡ್ತಾಳೆ ಒಬ್ಬಳು. ಮದ್ದು ಸಿಕ್ಕ ದಿನ ಮಲಗಿದಲ್ಲೇ ಹಾಡ್ತಾಳೆ. ನಾಳೆಗೆ ಮದ್ದಿಲ್ಲ. ಹಾಕು!"

ನಗು ನಿಂತಿತು. ಬೀರಾನ್ ಕೈ ತೊಳೆದು ಬಂದು ನೋಟು ಮಡಿಚಿ ಹಾಕಿದ. "ಮೊದ್ಲೇ ಹೀಗೆ ಗದರಬಾರ್ದಿತ್ತಾ? ನನ್ನ ಹೆತ್ತ ಉಮ್ಮ ನೋವಲ್ಲಿ ಅರಚ್ಕೊಂಡೇ ತೀರ್ಕೊಂಡ್ರು. ಆಗ ಹೀಗೆ ಯಾರೂ ಬರ್ಲಿಲ್ಲ" ಎಂದು ಮುಖ ತಿರುಗಿಸಿಕೊಂಡ.

ಆಮೇಲೆ ನಾನು ನಿಲ್ಲಲಿಲ್ಲ. ಚಿನ್ನದಂಗಡಿಯವರು ಕಂಡೂ ಕಾಣದಂತೆ ಕೂತರು. ಸಂಕಟವಾಯಿತು, ಆದರೆ ಸಾಯಲಿಲ್ಲ, ಪಕ್ಕದಂಗಡಿಗೆ ಹೋದೆ. ಮದ್ದು ಬಂತು, ಕಲ್ಯಾಣಿಯಕ್ಕ ಮಲಗಿದಳು. ಬಾಪ್ಪ ಹೇಳಿದ್ದು ತಪ್ಪಲ್ಲ ಇಕ್ಕಾಕ್ಕ. ನನ್ನ ಕೈ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ, ನಡುವೆ ಇತ್ತು ಅಷ್ಟೆ.

ಅತ್ತಿಗೆಗೆ ಸಲಾಂ, ಮಕ್ಕಳಿಗೆ ಮುತ್ತು. ದೇವರು ನಿಮ್ಮೆಲ್ಲರನ್ನೂ ನೆರಳಲ್ಲಿಡಲಿ.

ನಿಮ್ಮ ತಂಗಿ
ಸುಹರಾ

ವಿ.ಸೂ.: ಅಂಚೆಗೆ ಹೊತ್ತಾಯಿತು, ಹೇಳಿಯೇಬಿಡುತ್ತೇನೆ. ಊರವರನ್ನೆಲ್ಲ ಕೇಳಿದ ನಾಲಗೆ ನಿಮ್ಮ ಮುಂದೆ ಮಾತ್ರ ಏಳುತ್ತಿಲ್ಲ. ನಿಮ್ಮ ಜೀಪು ಇಲ್ಲಿ ಟಾರ್ಪಾಲಿನಡಿ ಸುಮ್ಮನೆ ನಿಂತಿದೆ. ನಮ್ಮ ನರ್ಸ್ ಗುಡ್ಡದ ಮನೆಗಳಿಗೆ ನಡೆದೇ ಹತ್ತುತ್ತಾಳೆ. ಆ ಜೀಪನ್ನು ಸಂಘಕ್ಕೆ ಕೊಡಿ. ಆಗುವುದಿಲ್ಲ ಎಂದರೆ ನನಗೆ ಬೇಸರವಿಲ್ಲ. ಆದರೆ ಮತ್ತೆ ಕೇಳುತ್ತೇನೆ.