ಆರನೇ ನಂಬರಿನ ಬೂಟು

ಶಹಾಬಾದ
ಮಂಗಳವಾರ, ೮ ನವೆಂಬರ್ ೧೯೮೩

ಪ್ರೀತಿಯ ಗುರಣ್ಣಾ,

ಹ್ಯಾಂಗಿದ್ದಿ? ಪುಣೆದಾಗ ಈಗ ಥಂಡಿ ಸುರು ಆಗಿರಬೇಕು. ಹೋದ ವರ್ಷದ ಕೆಮ್ಮು ಮತ್ತ ಬಂದಾದೇನು? ರಾತ್ರಿ ಪಾಳಿ ಮುಗಿಸಿ ಬಂದು ತಣ್ಣೀರು ಮೈಮ್ಯಾಲ ಹಾಕೋಬ್ಯಾಡ ಅಂತ ಅವ್ವ ಹೇಳ್ಯಾಳ. ಅವ್ವನ ಮೊಣಕಾಲು ಹಾಂಗೇ ಅದ, ಹೆಚ್ಚೂ ಇಲ್ಲ ಕಡಿಮಿನೂ ಇಲ್ಲ. ಅಪ್ಪ ನಿನ್ನ ಹೆಸರು ಎತ್ತಂಗಿಲ್ಲ, ಅದು ನಿನಗ ಗೊತ್ತಿದ್ದದ್ದೇ. ಅವರು ಕೊಡಿಸಿದ ಮಾಸ್ತರಿಕಿ ಬಿಟ್ಟು ನೀ ಕಾರಖಾನಿ ಸೇರಿದ ಸಿಟ್ಟು ಇನ್ನೂ ಇಳದಿಲ್ಲ. ಈ ಸಲ ಭಾವುಬೀಜದ ದಿನ ನಿನ್ನ ಫೋಟೋಕ್ಕ ಆರತಿ ಮಾಡಿದೆ. ತಮ್ಮ ಗೋಪಾಲಗ ಹಾಸಿಗಿಮ್ಯಾಲೇ ಮಾಡಿದೆ. ಕುಂಕುಮ ಹಚ್ಚಲಿಕ್ಕೆ ಹೋದರ ಹಣಿ ಸುಡತಿತ್ತು.

ಗೋಪಾಲಗ ಆರಾಮಿಲ್ಲ ಅಂತಷ್ಟೇ ಮೊದಲಿನ ಕಾರ್ಡಿನಾಗ ಬರದಿದ್ದೆ. ಕಾರ್ಡು ಎಲ್ಲಾರೂ ಓದತಾರಂತ ಹೆಚ್ಚು ಬರೀಲಿಲ್ಲ. ಈಗ ಎಲ್ಲಾ ಬರೀತೀನಿ, ಸಮಾಧಾನ ಮಾಡಿಕೊಂಡು ಓದು. ಓದೋತನಕ ಎದ್ದು ನಿಲ್ಲಬ್ಯಾಡ.

ಬ್ಯಾಸಗಿಯಾಗ ನೀ ಬಂದಾಗ ಆ ಬೂಟು ತಂದಿದ್ದಿ ನೋಡು, ನಿಮ್ಮ ಗುಡ್ಡ ಹತ್ತೋ ಕ್ಲಬ್ಬಿಗೆ ಬಂದಿದ್ದ ಜರ್ಮನ್ ಮನಷ್ಯಾ ಹೋಗೋವಾಗ ಕೊಟ್ಟು ಹೋದದ್ದು. ಗೋಪಾಲ ಎಷ್ಟು ಖುಷಿ ಆಗಿದ್ದ! ಅಂಥಾ ಬೂಟು ನಾವ್ಯಾರೂ ನೋಡಿರಲಿಲ್ಲ. ಹಿಮ್ಮಡ ಅಂಬೋದೇ ಇಲ್ಲ, ತಳಾ ಬೋಳು ಬೋಳು, ಕರೀ ರಬ್ಬರು, ಮುಂದಿನ ಚುಂಚು ಗಿಳಿ ಮೂಗಿನ ಹಾಂಗ ಕೆಳಗ ಬಾಗಿತ್ತು. ಅಪ್ಪ ಮಠಕ್ಕ ಹೋದಾಗ ಹಿತ್ತಲದಾಗ ನೀನೇ ಅವನ ಕಾಲಿಗೆ ಹಾಕಿದಿ. ಅವಂದು ಏಳನೇ ನಂಬರು, ಬೂಟು ಆರನೇದು. ಹೊಗಲೇ ಇಲ್ಲ. ಹಿಮ್ಮಡಕ್ಕ ಪ್ಲಾಸ್ಟಿಕ್ ಚೀಲ ಸುತ್ತಿ ಜಾರಿಸಿದಿ. 'ಅಣ್ಣಾ, ಹೆಬ್ಬಟ್ಟು ಮಡಚ್ಯಾದ' ಅಂದ. 'ಮಡಚಬೇಕೋ, ಮಡಚಿದ ಬೆರಳಿಗೇ ಕಲ್ಲಿನ ಸಣ್ಣ ಅಂಚು ಹತ್ತತದ' ಅಂದಿ ನೀನು. ಕಾಲುಚೀಲ ಹಾಕಬ್ಯಾಡ, ಚರ್ಮ ತಾನೇ ಹಿಗ್ಗತದ, ಎರಡು ತಿಂಗಳು ತಡಕೋ ಅಂದಿ. ಒಂದೊಂದು ಸಲ ಹತ್ತಿ ಇಳದ ಕೂಡ್ಲೇ ಬಿಚ್ಚಬೇಕು ಅಂತನೂ ಅಂದಿದ್ದಿ. ಅದು ನಾ ಕೇಳೀನಿ, ಸುಳ್ಳು ಹೇಳಂಗಿಲ್ಲ. ಅವ ಮುದುಕನ ಹಾಂಗ ಹೆಜ್ಜಿ ಹಾಕೋದು ನೋಡಿ ಎಲ್ಲಾರೂ ನಕ್ಕಿವಿ, ಅವ್ವನೂ ನಕ್ಕಳು.

ಆದರ ನೀ ಹೋಗೋವಾಗ ಇನ್ನೊಂದು ಮಾತು ಹೇಳಿ ಹೋದಿ. ಹಳೇ ಕಲ್ಲಿನ ಖಣಿಯ ಗ್ವಾಡಿ ಈ ಕಡಿಯಿಂದ ಆ ಕಡಿತನಕ ನೆಲಕ್ಕ ಕಾಲು ಇಡದೆ ದಾಟಿದರ, ಡಿಸೆಂಬರದಾಗ ಸಹ್ಯಾದ್ರಿಗೆ ನಿಮ್ಮ ಕ್ಲಬ್ಬಿನ ಜೋಡಿ ಕರಕೊಂಡು ಹೋಗ್ತೀನಿ ಅಂತ. ನೀ ಹಗೂರ ಅಂದಿರಬೇಕು. ಅವಗ ಅದೇ ಜೀವ ಆತು. ಕಾಲೇಜಿನಿಂದ ಬಂದವನೇ ಮೆಹತಾಬ್‌ನ ಕರಕೊಂಡು ಖಣಿಗೆ ಹೋಗಾಂವ. ಮೆಹತಾಬ್ ಗೊತ್ತಲ್ಲ, ಕಾಲೇಜಿನ ದೋಸ್ತ, ಪರಸಿ ಕಲ್ಲು ಮಾರೋ ಡಿಪೋದವರ ಮನಿ ಹುಡುಗ. ಹಗ್ಗ ಹಿಡಿಯಾಂವ ಅವನೇ. ಒಂದು ದಿನ ನಾನೂ ಅವ್ವನ ಕಣ್ಣು ತಪ್ಪಿಸಿ ನೋಡಲಿಕ್ಕೆ ಹೋಗಿದ್ದೆ. ನಮ್ಮೂರ ಕಲ್ಲು ನಿನಗ ಗೊತ್ತದ, ಪದರ ಪದರ, ಕಡದ ಅಂಚು ಬ್ಲೇಡಿನಂಗ. ಆ ಅಂಚಿನಮ್ಯಾಲ ಬರೇ ಬೂಟಿನ ಚುಂಚು ಇಟ್ಟು, ಹೊಟ್ಟಿ ಗ್ವಾಡಿಗೆ ಹತ್ತಿಸಿ, ಹಲ್ಲಿ ಸರದಾಂಗ ಸರೀತಿದ್ದ. ಕೆಳಗ ಮಳಿನೀರು ನಿಂತಿತ್ತು. ನನಗ ಅಂಜಿಕಿ ಬಂದು ಕಣ್ಣು ಮುಚ್ಚಿದೆ. ಆದರ ಗುರಣ್ಣಾ, ಭಾಳ ಛಂದ ಹತ್ತತಿದ್ದ. ಥೇಟ್ ನಿನ್ನಂಗೇ. ಇದನ್ನ ನಿನಗ ಹೇಳಲೇಬೇಕು ಅನಸ್ತು. ಇನ್ನ ಯಾರಿಗಿ ಹೇಳಲಿ?

ಬೂಟು ಹಿಗ್ಗಲೇ ಇಲ್ಲ. ಚರ್ಮದ ಒಳಗ ದಪ್ಪ ಕ್ಯಾನ್ವಾಸ್ ಹಚ್ಚಿದ್ದರಂತ, ಅದು ಚರ್ಮಕ್ಕ ಹಿಗ್ಗಗೊಡಲಿಲ್ಲ. ಅದು ಗೊತ್ತಾದದ್ದು ಆಮ್ಯಾಲ. ಶ್ರಾವಣ ಮುಗಿಯೋದರಾಗ ಬಲಗಾಲಿನ ಚುಂಚಿನ ರಬ್ಬರು ಸವದು ತೂತು ಬಿತ್ತು. ಇಂಥಾ ಬೂಟು ನಮ್ಮ ಕಲ್ಲಿಗೆ ಒಂದು ಮಳಿಗಾಲನೂ ತಡಿಯಂಗಿಲ್ಲ ಅಂತ ನಿನಗೂ ಗೊತ್ತಿರಲಿಕ್ಕಿಲ್ಲ. ಸ್ಟೇಷನ್ ಮುಂದ ಚಪ್ಪಲಿ ಹೊಲಿಯೋ ಹಾಜಿಮಲಂಗ್ ಹತ್ತಿರ ಒಯ್ದ. ಅವ ಪಾಪ, ತೂತಿನ ಎರಡೂ ಅಂಚು ಎಳದು ಹೊಲದು ಮ್ಯಾಲ ಟೈರಿನ ರಬ್ಬರು ಹಚ್ಚಿ ಕೊಟ್ಟ. ತೂತೇನೋ ಮುಚ್ಚಿತು. ಆದರ ಮೊದಲೇ ಬಿಗಿ ಇದ್ದದ್ದು ಇನ್ನೂ ಬಿಗಿ ಆತು, ಹೊಲಿಗಿಯ ಗಂಟು ಒಳಗ ಹೆಬ್ಬಟ್ಟಿನ ಉಗರಿಗೇ ಒತ್ತಲಿಕತ್ತಿತು. ಗೋಪಾಲ ಅದನ್ನೇ ಹಾಕಿಕೊಂಡು ಮತ್ತ ಖಣಿಗೆ ಹೋದ. ಬಿಗಿ ಇದ್ದಷ್ಟು ಛಲೋ ಅಂತ ನೀ ಹೇಳಿದ್ದಿ. ಸಲ ಸಲಕ್ಕೂ ಬಿಚ್ಚಿ ಹಾಕೋದು ಭಾಳ ತ್ರಾಸಂತ ಸಂಜಿತನಕ ಅದರಾಗೇ ಇರತಿದ್ದನಂತ. ಇದು ಮೆಹತಾಬ್ ಅಳಕೋತ ಹೇಳಿದ ಮಾತು.

ಉಗರು ಮಾಂಸದಾಗ ಹೊಕ್ಕು ಕೀವಾಗಿತ್ತು. ಅದೇ ಕಾಲು ಖಣಿಯ ಹೊಲಸು ನೀರಿನಾಗ ಇಟ್ಟು ತಂಪು ಮಾಡಿಕೊಂಡು, ಮತ್ತ ಬೂಟು ಹಾಕಿ ಹತ್ಯಾನ. ಮನಿಯಾಗ ನಮಗ ಕಾಣಬಾರದಂತ ಕಾಲುಚೀಲ ಹಾಕಿಕೊಂಡೇ ಮಲಗತಿದ್ದ. ಕೇಳಿದರ ಥಂಡಿ ಅಂತಿದ್ದ. ಅವ್ವ ಒಂದು ದಿನ ಮಾಳಗಿ ಕೆಳಗ ಇಲಿ ಸತ್ತಾದೇನು, ನಾರಲಿಕತ್ತ್ಯಾದ ಅಂತ ಮನೀ ಎಲ್ಲಾ ಸಾರಿಸಿದಳು. ದಸರಾ ಹೊತ್ತಿಗೆ ಜ್ವರ ಬಂದು ಬಡಬಡಿಸಲಿಕತ್ತ. ಆಗ ನಾ ಚೀಲ ಕತ್ತರಿಸಿ ತಗದೆ. ನಾ ಏನು ನೋಡಿದೆ ಅಂತ ಬರಿಯಂಗಿಲ್ಲ ಗುರಣ್ಣಾ.

ಗುಲಬರ್ಗಾಕ್ಕ ಒಯ್ದಿವಿ. ಎರಡು ಬೆರಳು ತಗದ್ರು. ಹೆಬ್ಬಟ್ಟು, ಅದರ ಬಾಜೂದ್ದು. ದೀಪಾವಳಿ ಮುಂದ ಮನಿಗೆ ಕಳಿಸಿದ್ರು. ಎಲ್ಲಾ ಮುಗೀತು, ಬೆರಳಷ್ಟೇ ಹೋತು ಅಂತ ನಾವೂ ಅಂದಕೊಂಡಿವಿ. ಅಪ್ಪ ತಾವೇ ಎಣ್ಣಿ ಹಚ್ಚಿ ಎರೆದ್ರು. ಇಪ್ಪತ್ತು ವರ್ಷದ ಮಗಗ ಸಣ್ಣ ಕೂಸಿಗೆ ಎರದಾಂಗ ಎರೆದ್ರು. ಪಾಡ್ಯದ ದಿನ ಮತ್ತ ಜ್ವರ ಬಂತು.

ಈಗ ಅವ ನಡುಮನಿಯಾಗ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ಯಾನ. ಊಟ ಬ್ಯಾಡ, ಮಾತು ಬ್ಯಾಡ. ಕಾಲು ನೋಡಿಕೊಂಡಿಲ್ಲ ಇನ್ನೂತನಕ. ಪಟ್ಟಿ ಬಿಚ್ಚೋವಾಗ ಟವಲ್ ಮಾರಿಮ್ಯಾಲ ಹಾಕೋತಾನ. ಮೆಹತಾಬ್ ಬಂದಾಗ ಒಂದೇ ಮಾತಾಡಿದ. 'ಡಿಸೆಂಬರಕ್ಕ ಬರಲಿಕ್ಕೆ ಆಗಂಗಿಲ್ಲ ಅಂತ ಅಣ್ಣಗ ಬರಿಬ್ಯಾಡ. ಬ್ಯಾರೆ ಯಾರನ್ನರ ತಗೋತಾರ.' ಆ ಹುಡುಗ ಹೊರಗ ಬಂದು ತೊಲಿಕಂಬ ಹಿಡದು ನಿಂತುಬಿಟ್ಟ. ಹಾಜಿಮಲಂಗ್‌ನೂ ದಿನಾ ಬಂದು ಅಂಗಳದಾಗ ನಿಲ್ಲತಾನ. 'ಬಾಯಾರ, ನನ್ನ ಹೊಲಿಗಿರೀ ಅದು, ನನ್ನ ಹೊಲಿಗಿ' ಅಂತಾನ. ಕುಂದರ್ರಿ ಅಂತೀನಿ, ಕುಂದರಂಗಿಲ್ಲ. ಅಪ್ಪ ಬಾಗಿಲ ಮುಂದ ಮಾಡಿಕೋತಾರ.

ಅವ್ವ ಆ ಬೂಟು ಬಚ್ಚಲ ಒಲಿಯಾಗ ತುರುಕಿದಳು. ರಬ್ಬರು ಸುಡಲಿಲ್ಲ. ಕರೀ ಹೊಗಿ ಮನಿತುಂಬ ಆಗಿ ಗೋಪಾಲನ್ನ ಹಾಸಿಗಿ ಸಮೇತ ಅಂಗಳಕ್ಕ ಎತ್ತಿಕೊಂಡು ಬರಬೇಕಾತು. ಅವಗ ವಾಸನಿ ಗೊತ್ತಾತು. 'ಅವ್ವಾ ಏನು ಸುಟ್ಟಿ?' ಅಂತ ಕೇಳಿದ. ಅವತ್ತಿಂದ ಅವ ಆಕಿ ಜೋಡಿನೂ ಮಾತು ಬಿಟ್ಟಾನ.

ನಿನ್ನ ಮ್ಯಾಲ ನನಗ ಸಿಟ್ಟು ಅದನೋ ಇಲ್ಲೋ ನನಗೇ ತಿಳಿವಲ್ದು. ಒಂದೊಂದು ಹೊತ್ತಿಗೆ ಭಾಳ ಬರತದ. ಯಾರೋ ಪರದೇಶದವನ ಕಾಲಿನ ಅಳತಿಗೆ ನಮ್ಮ ಹುಡುಗನ ಕಾಲು ಯಾಕ ತುರುಕಿದಿ ಅನಸ್ತದ. ಮತ್ತ, ನೀ ಅವಗ ಪ್ರೀತಿಲೆ ಕೊಟ್ಟಿದ್ದಿ ಅಂತ ನೆನಪಾಗಿ ಅಳು ಬರತದ. ನಾ ಕಲಿಸೋ ಸಾಲಿಗೆ ರಜಾ ಹಾಕೀನಿ. ನಾ ದೇವರಿಗೆ ಕೈ ಮುಗಿಯೋದು ಬಿಟ್ಟೀನಿ, ಅಪ್ಪಗ ಗೊತ್ತಿಲ್ಲ. ಅವರು ಮುಂಜಾನೆ ಸಂಜೀ ಪಾರಾಯಣ ಮಾಡಿ, ಮಠದ ಮಣ್ಣು, ಮೃತ್ತಿಕಾ, ಕಲಸಿ ಪಟ್ಟಿಮ್ಯಾಲ ಹಚ್ಚತಾರ. ಅದನ್ನ ನೋಡಲಿಕ್ಕೆ ಆಗವಲ್ದು.

ನಿನ್ನ ತಬ್ಬೇತು ಕಾಳಜಿ ಇಟಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ಸದಾ ನಿನ್ನಮ್ಯಾಲ ಅದ. ಅಪ್ಪಂದೂ ಇರತದ, ಬಾಯಿಲೆ ಹೇಳಂಗಿಲ್ಲ ಅಷ್ಟೇ.

ನಿನ್ನ ತಂಗಿ,
ಲೀಲಾ

ತಾ.ಕ.: ಮ್ಯಾಲೆ ಬರೀಲಿಕ್ಕೆ ಕೈ ಬರಲಿಲ್ಲ, ಈಗ ಬರೀತೀನಿ. ಮುಂಜಾನೆ ಡಾಕ್ಟರು ಮನಿಗೇ ಬಂದಿದ್ರು. ವಿಷ ಎಲವಿನಾಗ ಮ್ಯಾಲೆ ಏರಲಿಕತ್ತ್ಯಾದಂತ. ಶುಕ್ರವಾರದ ಒಳಗ ಮೊಣಕಾಲಿನ ಕೆಳಗ ಕಾಲು ತಗೀಬೇಕು, ಇಲ್ಲಂದ್ರ ಹುಡುಗ ಉಳಿಯಂಗಿಲ್ಲ ಅಂದ್ರು. ಅಪ್ಪ ಕೈ ಮುಗಿದು ಹೋಗಿಬರ್ರಿ ಅಂದುಬಿಟ್ರು. ಗೋಪಾಲನೂ ಬ್ಯಾಡ ಅಂತಾನ, ಹಿಂಗೇ ಸಾಯ್ತೀನಿ ಅಂತಾನ. ಅವ್ವ ಕಾಲಿಗೆ ಬಿದ್ದಳು, ನಾ ಬಿದ್ದೆ, ಹೊಳ್ಳಿ ನೋಡಲಿಲ್ಲ. ರೈಲ್ವೆದಾಗ ಕೆಲಸ ಮಾಡೋ ದೇವೀಂದ್ರಪ್ಪ ಇವತ್ತಿನ ಮೇಲ್ ಗಾಡಿಗೆ ಪುಣೆಕ್ಕ ಹೊಂಟಾನ, ಅವನ ಕೈಯಾಗೇ ಇದು ಕೊಡಲಿಕತ್ತೀನಿ. ತಾರಿನ ಎರಡು ಸಾಲಿನಾಗ ಇದು ಹೇಳಲಿಕ್ಕೆ ಬರತಿರಲಿಲ್ಲ. ರಜಾ ಕೇಳಕೋತ ಕುಂದರಬ್ಯಾಡ. ಸಿಕ್ಕ ಗಾಡಿ ಹತ್ತು, ಶಹಾಬಾದಕ್ಕ ಎಲ್ಲಾ ಗಾಡಿ ನಿಲ್ಲಂಗಿಲ್ಲ, ಮುಂದ ವಾಡಿಗೆ ಇಳಿ, ಮೆಹತಾಬ್ ಸೈಕಲ್ ತಗೊಂಡು ಸ್ಟೇಷನ್ನಿನಾಗೇ ಇರತಾನ. ಅಪ್ಪ ಏನಂದ್ರೂ ಹೊಸ್ತಿಲ ದಾಟಿ ಒಳಗ ಬಾ. ಗೋಪಾಲ ಹುಟ್ಟಿದಾಗಿಂದ ಯಾರ ಮಾತೂ ಕೇಳಿಲ್ಲ, ನಿನ್ನ ಮಾತೊಂದೇ ಕೇಳ್ಯಾನ. ಬಂದು ಅವನ ಬಾಜೂಕ ಕುಂತು ನೀನೇ ಹೇಳು ಗುರಣ್ಣಾ, ಕಾಲು ಕೊಟ್ಟುಬಿಡು ಅಂತ.