ನಡುವಿನ ಆ ಸಣ್ಣ ಭಾಗ

ಮೇಲಿನ ರಾಣೆಬೆನ್ನೂರು,
೨೧೯೮, ಎರಡನೆಯ ಬೇಸಿಗೆಯ ಮೂವತ್ತೇಳನೆಯ ದಿನ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ,

ಇನ್ನೂ ಮೂವತ್ತು ತುಂಬದ ನಿಮ್ಮನ್ನು ಅಜ್ಜಿ ಎಂದು ಕರೆಯುತ್ತಿದ್ದೇನೆ, ಕ್ಷಮಿಸಿ. ನಾನು ನಿಮ್ಮಿಂದ ಆರು ತಲೆಮಾರಿನ ನಂತರ ನಿಮ್ಮ ಮನೆಗೆ ಬಂದ ಸೊಸೆ, ಸತ್ಯಕ್ಕ. ನನ್ನ ಕನ್ನಡ ನಿಮಗೆ ವಿಚಿತ್ರ ಅನಿಸಬಹುದು. ನಿಮ್ಮ ಕಾಲದ ಬರವಣಿಗೆ ಓದಿ ಆದಷ್ಟು ತಿದ್ದಿಕೊಂಡಿದ್ದೇನೆ. ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ, ಅದಕ್ಕೆ ತಪ್ಪಿದ್ದರೂ ಇದ್ದೀತು. ನಮ್ಮಲ್ಲಿ ಹೆತ್ತವಳಿಗೆ ಒಂದೇ ಒಂದು ಹಿಂಬರಹ, ಅಂದರೆ ಹಿಂದಿನ ಕಾಲಕ್ಕೆ ಕಾಗದ, ಕಳಿಸಲು ಅವಕಾಶವಿದೆ. ತಲುಪುತ್ತದೆ ಎಂದು ಮಾತ್ರ ಯಾರೂ ಭರವಸೆ ಕೊಡುವುದಿಲ್ಲ.

ಈಗ ನೆರಳುಹೊತ್ತು. ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡು ಒದ್ದೆ ಪರದೆಯ ಹಿಂದೆ ಕೂರುವ ಐದು ತಾಸು. ಅತ್ತೆ ರಾಗಿ ಅಂಬಲಿ ಕಾಸಿ ಮುಚ್ಚಿಟ್ಟು ಮಲಗಿದ್ದಾರೆ. ನನ್ನ ಮಗಳು ಗಂಗಾಂಬೆ ಚಾಪೆಯ ಮೇಲೆ ಆಡುತ್ತಿದ್ದಾಳೆ. ಹನ್ನೊಂದು ತಿಂಗಳು. ಅವಳಿಗೆ ಕಿವಿ ಕೇಳುವುದಿಲ್ಲ.

ಇದಕ್ಕೆ ನಮ್ಮ ಕಾಲದಲ್ಲಿ ಕಿವಿಮಣಿ ಎಂಬುದಿದೆ. ಮನೆಯವರ ಧ್ವನಿಗಳನ್ನು ಕಲಿತು ಮಗುವಿಗೆ ಮುಟ್ಟಿಸುತ್ತದೆ. ವರ್ಷ ತುಂಬುವುದರೊಳಗೆ ಶುರು ಮಾಡದಿದ್ದರೆ ಆಮೇಲೆ ಹಾಕಿಯೂ ಉಪಯೋಗವಿಲ್ಲ. ಅದು ಕಲಿಯಲು ಮನೆಪೆಟ್ಟಿಗೆಯಲ್ಲಿ ಸಾಕಷ್ಟು ಜಾಗ ಬೇಕು. ಮನೆಪೆಟ್ಟಿಗೆ ಎಂದರೆ ನಿಮ್ಮ ಲ್ಯಾಪ್‌ಟಾಪೇ, ಅಜ್ಜಿ. ಯಂತ್ರ ಬದಲಾಗಿದೆ, ಒಳಗಿನ ಪಾಲು ಬದಲಾಗಿಲ್ಲ. ಹೊಸ ಲ್ಯಾಪ್‌ಟಾಪ್ ತಂದ ದಿನ ನೀವು ಅದರ ಹಾರ್ಡ್ ಡಿಸ್ಕನ್ನು ಹೇಗೆ ಪಾರ್ಟಿಷನ್ ಮಾಡಿ ಪಾಲು ಹಾಕಿದಿರೋ, ಹಾಗೆಯೇ ಅದು ಯಂತ್ರದಿಂದ ಯಂತ್ರಕ್ಕೆ ಇಳಿದು ಬಂದಿದೆ. ನೀವು ಹಾಕಿದ ಬೀಗದಿಂದಾಗಿ ಅದನ್ನು ಬಿಡಿಸಿ ನಕಲು ಮಾಡಲಾಗದು, ಇಡಿಯಾಗಿ ಮಾತ್ರ ಇಳಿಸಬೇಕು. ಇಳಿಸಿದ ಮೇಲೆ ಹಳೆಯದು ಖಾಲಿಯಾಗುತ್ತದೆ. ಮನೆಗೆ ಒಂದೇ ಪೆಟ್ಟಿಗೆ ಎಂಬುದು ಇಲ್ಲಿಯ ಕಟ್ಟಳೆ.

‘ಮನೆ’ ಎಂದು ನೀವು ಹೆಸರಿಟ್ಟ ಭಾಗ ಆರು ತಲೆಮಾರಿನವರ, ಸೊಸೆಯರ ತವರಿನವರ ಧ್ವನಿಗಳಿಂದ ತುಂಬಿಹೋಗಿದೆ. ಆಚೆ ಬೇಕಾದಷ್ಟು ಖಾಲಿ ಇದೆ, ಆದರೆ ಕಿವಿಮಣಿ ಧ್ವನಿಗಳಿರುವ ಭಾಗದಲ್ಲೇ ಕಲಿಯಬೇಕು. ನಡುವೆ ಹೆಸರಿಲ್ಲದ ಒಂದು ಸಣ್ಣ ಭಾಗ. ಹಿಗ್ಗಿಸಬೇಕಾದರೆ ಖಾಲಿ ಜಾಗ ಪಕ್ಕದಲ್ಲೇ ಅಂಟಿಕೊಂಡಿರಬೇಕು, ನಡುವಿನದನ್ನು ದಾಟಿ ಹಿಗ್ಗಿಸಲಾಗದು. ನಿಮ್ಮ ಕಾಲದಲ್ಲೂ ಹೀಗೇ ಇತ್ತಂತೆ. ಪಾಲು ಅಳೆಯುವ ಅಳತೆಗಾರ ಮೊನ್ನೆ ಬಂದು ನೋಡಿ ನಕ್ಕೇಬಿಟ್ಟ. “ಅಲ್ರೀ ಅಕ್ಕಾರ, ಈ ಕಡೆ ಉಸಿರಾಡಾಕ ಜಾಗ ಇಲ್ಲದ ಅಡಗಿಮನಿ, ಆ ಕಡೆ ಹೊಲದಷ್ಟು ಬಯಲು, ನಡುವ ಬಾಗಲಾನ ಇಲ್ಲದ ಕ್ವಾಣಿ! ಯಾವ ಪುಣ್ಯಾತ್ಮರು ಕಟ್ಟಿದ್ರಿ ಇದನ್ನ?” ಆ ಕೋಣೆ ಅಳಿಸಿದರೆ ಒಂದು ಕ್ಷಣದ ಕೆಲಸವಂತೆ. ಆದರೆ ಇಡೀ ಪೆಟ್ಟಿಗೆ ತೆರೆಯುವ ಕೀಲಿ ಅದರೊಳಗೇ ಇದ್ದರೆ ಎಲ್ಲ ಹೋಯಿತು. ಇದೆಯೇ ಎಂದು ಕೇಳಿದರೆ ಅವನು ಗೊತ್ತಿಲ್ಲವೆಂದು ಕೈ ಆಡಿಸಿದ. ಅತ್ತೆ ಒಳಗಿನಿಂದಲೇ, “ಹಿರೇರು ಮುಟ್ಟಬ್ಯಾಡ ಅಂದದ್ದನ್ನ ಮುಟ್ಟೂಕಿ ನೀ ಯಾರವ್ವಾ?” ಎಂದರು.

ನಮ್ಮ ಮನೆಯಲ್ಲಿ ಪ್ರತಿ ಸೊಸೆಗೂ ಹೇಳಿಕೊಡುವ ಮಾತು ಅದು. ಹೊಸ ಪೆಟ್ಟಿಗೆ ಬಂದಾಗ ಅರಿಶಿನ ಕುಂಕುಮ ಹಚ್ಚಿ, ನಡುವಿನದನ್ನು ಬಿಟ್ಟು ಉಳಿದದ್ದನ್ನು ಮುಟ್ಟಬೇಕು. ಕಾರಣ ಯಾರಿಗೂ ಗೊತ್ತಿಲ್ಲ. ನಿನ್ನೆ ಹುಡುಕಿ ಹುಡುಕಿ ಎಲ್ಲಕ್ಕಿಂತ ಹಳೆಯ ಧ್ವನಿ ತೆರೆದೆ. ನೀವು ಪಾರ್ಟಿಷನ್ ಮಾಡುತ್ತಿದ್ದ ದಿನದ್ದೇ ಅದು. ಪಕ್ಕದಲ್ಲಿ ನಿಮ್ಮ ಯಜಮಾನರು, ವಿರೂಪಾಕ್ಷ ಅಜ್ಜ. “ಏ, ಈ ನಡುವಿಂದು ಏನದು?” “ಯಾರಿಗ್ ಗೊತ್ರೀ? ಕಂಪನಿಯವರು ಇಟ್ಟಿರ್ತಾರ. ಸುಮ್ನ ಮುಟ್ಟಬ್ಯಾಡ್ರಿ, ಚಾ ಆರಾಕತ್ತೈತಿ.” ಅಷ್ಟೇ. ಆರು ತಲೆಮಾರು ಮಡಿಯಿಂದ ಕಾಪಾಡಿದ್ದು ಇಷ್ಟನ್ನೇ. ನಗಬೇಕೆಂದುಕೊಂಡೆ, ಆಗಲಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಬಿಡುತ್ತಿದ್ದೆ. ಈ ಕಾಗದ ತಲುಪಿದರೆ ಇಷ್ಟು ಮಾಡಿ: ಭಾಗಗಳ ಅಳತೆ ಹಾಕಿ ಗುಂಡಿ ಒತ್ತುವ ಮೊದಲು ಆ ನಡುವಿನದು ಏನೆಂದು ಯಾರನ್ನಾದರೂ ಕೇಳಿ, ಅದರ ಮೇಲೆ ಹೆಸರು ಬರೆಯಿರಿ. ‘ಮನೆ’ಯ ಮಗ್ಗುಲಲ್ಲಿ ಖಾಲಿ ಜಾಗ ಬಿಡಿ. ಯಾರಿಗೆ ಎಂದು ಅಜ್ಜ ಕೇಳಿದರೆ ಗಂಗಾಂಬೆಗೆ ಎನ್ನಿ.

ತಲುಪದಿದ್ದರೆ, ನಾಳೆ ಅಳತೆಗಾರ ಬರುತ್ತಾನೆ. ಕಂಪನಿಯವರು ಕೀಲಿಯನ್ನೇ ಅಲ್ಲಿಟ್ಟಿದ್ದರೆ ಎಂದು, ನಡುವಿನದನ್ನು ಅಳಿಸಲು ನನಗೆ ಧೈರ್ಯವಿಲ್ಲ. ಮೂವರ ಧ್ವನಿ ತೆಗೆದರೆ ಕಿವಿಮಣಿಗೆ ಜಾಗ ಆಗುತ್ತದಂತೆ. ಯಾರದೆಂದು ನಾನೇ ಹೇಳಬೇಕು. ಅತ್ತೆಗೆ ತಮ್ಮ ಅವ್ವನ ಧ್ವನಿ ಬೇಕು, ನನಗೆ ನನ್ನ ಅಜ್ಜಿಯದು ಬೇಕು. ನಿಮ್ಮನ್ನು ಕಂಡವರು ಇಲ್ಲಿ ಯಾರೂ ಉಳಿದಿಲ್ಲ, ಅಳಿಸಬೇಡ ಎನ್ನುವವರೂ ಇಲ್ಲ. ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರು ಬರೆದಿದ್ದೇನೆ. ಈ ಕಾಗದ ಮುಗಿಸಿ ಇನ್ನೊಂದು ಸಲ ನಿಮ್ಮ ಧ್ವನಿ ಕೇಳುತ್ತೇನೆ. ಮಗಳ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು ಕೂರುತ್ತೇನೆ; ನೀವು ಮಾತಾಡುವಾಗ ಅದು ಸ್ವಲ್ಪ ನಡುಗುತ್ತದೆ, ಅಷ್ಟಾದರೂ ಅವಳಿಗೆ ತಿಳಿಯಲಿ.

ನಿಮ್ಮ,
ಸತ್ಯಕ್ಕ